ಗಿಣಿಬೆಟ್ಟಕ್ಕೆ ಹೋಗುವ ಬಸ್ಸು

ರವಿಚಂದ್ರನಿಗೆ ಈಜು ಬರುತ್ತದೆ, ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಬೀಗರ ಊಟಕ್ಕೆ ಹಂಡೆಗಟ್ಟಲೆ ಮುದ್ದೆ ತೊಳಸಲು ಬರುತ್ತದೆ. ಪಿಸುಗುಟ್ಟಲು ಮಾತ್ರ ಬರುವುದಿಲ್ಲ.

ಮದ್ದೂರು ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳು ಬರುವುದನ್ನು ಹೋಗುವುದನ್ನು ಸಾರುವುದು ಅವನ ಕೆಲಸ. ಒಮ್ಮೆ ಮೈಕು ಕೆಟ್ಟು ರಿಪೇರಿಗೆ ಹೋಗಿತ್ತು. ಅದು ಹೋದದ್ದೂ ತಿಳಿಯಲಿಲ್ಲ, ವಾಪಸು ಬಂದದ್ದೂ ತಿಳಿಯಲಿಲ್ಲ ಎಂದು ಪಕ್ಕದ ಟೀ ಅಂಗಡಿಯ ಚೌಡಯ್ಯ ಇವತ್ತಿಗೂ ಹೇಳುತ್ತಾನೆ. ಅಂಥ ಗಂಟಲಿನಲ್ಲಿ ಗುಟ್ಟು ನಿಲ್ಲುವುದು ಹೇಗೆ? ರವಿಚಂದ್ರ ಕೆಟ್ಟವನಲ್ಲ, ಚಾಡಿಕೋರನೂ ಅಲ್ಲ. ಯಾರಾದರೂ ಏನಾದರೂ ನಂಬಿ ಹೇಳಿದರೆ ಅದನ್ನು ಕಾಪಾಡಬೇಕೆಂದು ಪ್ರಾಮಾಣಿಕವಾಗಿ ಒದ್ದಾಡುತ್ತಾನೆ. ಒದ್ದಾಟ ತಡೆಯಲಾರದೆ ಚೌಡಯ್ಯನ ಅಂಗಡಿಗೆ ಹೋಗಿ, ಅವನ ಕಿವಿಯ ಹತ್ತಿರ ಬಾಗಿ, "ಯಾರ್ಗೂ ಯೋಳ್ಬೇಡ ಕಣ್ಲಾ" ಎಂದು ಶುರುಮಾಡುತ್ತಾನೆ. ಆಚೆ ಅಂಕಣದಲ್ಲಿ ನಿಂತ ಮಳವಳ್ಳಿ ಬಸ್ಸಿನ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆಯ್ತು ಬುಡಣ್ಣ, ಯೋಳಕಿಲ್ಲ" ಎಂದು ಮಾತು ಕೊಡುತ್ತಾನೆ.

ಹೀಗಾಗಿ ಅವನ ಮನೆಯಲ್ಲಿ ಅವನಿಗೆ ಯಾರೂ ಏನೂ ಹೇಳುವುದಿಲ್ಲ. ಮನೆ ಇರುವುದು ಆತಗೂರಿನಿಂದ ಒಳಕ್ಕೆ, ಹೊಂಗೆಕೊಪ್ಪಲಿನಲ್ಲಿ. ಸಂಜೆ ಅವನು ಹೊಸಿಲು ದಾಟುವ ಹೊತ್ತಿಗೆ ಅಡುಗೆಮನೆಯ ಮಾತು ಟಕ್ಕನೆ ನಿಲ್ಲುತ್ತದೆ. ಹೆಂಡತಿ ನಾಗಮಣಿ, "ಈ ಸಲ ಬಿಸ್ಲು ಜಾಸ್ತಿ ಕಣವ್ವ" ಎನ್ನುತ್ತಾಳೆ. ಮಗಳು ದೀಪಿಕ, "ಊಂ ಕಣಮ್ಮ, ಭಾರಿ ಬಿಸ್ಲು" ಎನ್ನುತ್ತಾಳೆ. ಹೊರಗೆ ಮಳೆ ಹುಯ್ಯುತ್ತಿದ್ದ ದಿನವೂ ಇದೇ ಮಾತುಕತೆ ನಡೆದದ್ದುಂಟು. ಭಾಮೈದ ಸೈಟು ಕೊಂಡದ್ದು, ಅತ್ತೆಯ ಕಣ್ಣಿನ ಆಪರೇಶನ್ನು, ಕೊನೆಗೆ ದೀಪಿಕಳಿಗೆ ಮಂಡ್ಯದ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದ್ದು ಕೂಡ ಅವನಿಗೆ ತಿಳಿದದ್ದು ಚೌಡಯ್ಯನಿಂದ. ಆ ದಿನ ಅವನು ಟೀ ಅರ್ಧಕ್ಕೇ ಬಿಟ್ಟು ಎದ್ದುಹೋದ. ಜೀವನದಲ್ಲಿ ಒಂದೇ ಒಂದು ಸಲ ತನ್ನವರು ಯಾರಾದರೂ ತನ್ನನ್ನು ಪಕ್ಕಕ್ಕೆ ಕರೆದು, 'ಇದು ನಿನಗೆ ಮಾತ್ರ' ಎಂದು ಏನಾದರೂ ಹೇಳಬೇಕು. ಬೆಲ್ಲದ ರೇಟಾದರೂ ಸರಿಯೆ. ಅದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ.

ಇನ್ನೊಂದು ಸಣ್ಣ ಗಾಯವೂ ಇತ್ತು. "ಮಳವಳ್ಳಿಗೆ ಹೋಗುವ ವಾಹನ ಅಂಕಣ ಎರಡರಿಂದ ಹೊರಡಲಿದೆ" ಎಂದು ಅವನು ಭೂಮಿ ನಡುಗುವ ಹಾಗೆ ಸಾರಿ ಮೈಕು ಆರಿಸಿದ ತಕ್ಷಣ ಯಾರೋ ಒಬ್ಬರು ಕಿಟಕಿಗೆ ಬಂದು, "ಸಾ, ಮಳವಳ್ಳಿ ಬಸ್ಸು ಎಲ್ ನಿಲ್ತದೆ?" ಎಂದು ಕೇಳುತ್ತಾರೆ. ಬಸ್ ಸ್ಟ್ಯಾಂಡಿಗೆ ಹೋದಾಗ ನಾವು ನೀವು ಮಾಡುವುದೂ ಅದನ್ನೇ. ಯಾರೂ ಕೇಳದಿದ್ದರೂ ಹೇಳುತ್ತಲೇ ಇರಬೇಕಾದ ಉದ್ಯೋಗಗಳು ಲೋಕದಲ್ಲಿ ಕೆಲವಿವೆ. ಹಾಸ್ಯ ಬರೆಯುವವರು ಈ ವಿಷಯದಲ್ಲಿ ರವಿಚಂದ್ರನನ್ನು ನೋಡಿ ನಗದಿರುವುದು ಒಳ್ಳೆಯದು.

ಇಂಥವನು ಕಳ್ಳನಾದದ್ದು ಹೆಂಡತಿಯ ಒತ್ತಾಯದಿಂದ.

ದೀಪಿಕ ಭಾನುವಾರವೂ ಮಂಡ್ಯಕ್ಕೆ ಹೋಗತೊಡಗಿದ್ದಳು. ಒಂದು ದಿನ ನಾಗಮಣಿ ಗಂಡನನ್ನು ಕೂರಿಸಿಕೊಂಡು ಹೇಳಿದಳು: "ನಿಮ್ ಮಗ್ಳು ಬ್ಯಾಗಲ್ಲಿ ದಾಳ ಮಡೀಕಂಡವ್ಳೆ. ಅದೂ ಎಂಥ ದಾಳ ಅಂತೀರಿ, ಆರು ಮುಖದ್ದಲ್ಲ, ಮೈಯೆಲ್ಲಾ ಮುಖ. ಮಂಡ್ಯದಲ್ಲಿ ಯಾರೋ ಲೆಕ್ಚರರ್ ಮನೇಲಿ ಆಡ್ತಾರಂತೆ. ಜೂಜೋ ಏನೋ ಓಗಿ ನೋಡ್ಕಂಡ್ ಬನ್ನಿ."

"ಓಯ್ತೀನಿ ಬುಡು."

"ಒಂದ್ ದಿನ ಓದ್ರೆ ಏನ್ ತಿಳೀತದೆ? ಎಂಗೂ ನಿಮ್ಗೆ ಬಾನ್ವಾರ ರಜ ತಾನೆ. ಪ್ರತಿ ಬಾನ್ವಾರ ಓಗಿ. ಬೆಳಿಗ್ಗೆ ಓಗಿ ಸಂಜೆಗ್ ಬನ್ನಿ. ಅವಸ್ರ ಮಾಡ್ಬೇಡಿ."

ಹೆಂಡತಿ ತನಗೊಂದು ಜವಾಬ್ದಾರಿ ಕೊಟ್ಟಳೆಂದು ರವಿಚಂದ್ರನಿಗೆ ಎದೆಯುಬ್ಬಿತು. ಅವಸರ ಮಾಡಬೇಡಿ ಎಂದು ಹೆಂಡತಿ ಹೇಳಿದರೆ ಗಂಡನಾದವನು ಸ್ವಲ್ಪ ಯೋಚಿಸಬೇಕು. ಅವನು ಯೋಚಿಸಲಿಲ್ಲ, ಹೊಸ ಶರ್ಟು ಹಾಕಿಕೊಂಡ.

ಮಂಡ್ಯದ ಆ ಮನೆಯಲ್ಲಿ ಜೂಜಿರಲಿಲ್ಲ. ಊಟದ ಮೇಜಿನ ಸುತ್ತ ಕಾಲೇಜಿನ ಲೆಕ್ಚರರ್ ಶ್ರೀಕರ, ಅವನ ತಂಗಿ ಮೇಧಾ ಮತ್ತು ದೀಪಿಕ ಕೂತಿದ್ದರು. ಮೇಜಿನ ಮೇಲೆ ದಾಳಗಳು, ಪೆನ್ಸಿಲ್ಲು, ಒಂದು ತಟ್ಟೆ ಕೋಡುಬಳೆ. ಶ್ರೀಕರನ ತಾಯಿ ಶ್ರೀಮತಿ ಒಳಗಿನಿಂದ ಕಾಫಿ ತಂದುಕೊಟ್ಟು, "ನೀವಾದ್ರೂ ಹೇಳಿ ಸ್ವಾಮಿ, ಇಷ್ಟು ದೊಡ್ಡವರಾಗಿ ರಾಜ ರಾಣಿ ಆಟ ಆಡ್ತಾರೆ" ಎಂದು ಗೊಣಗಿಕೊಂಡು ಹೋದರು.

ಆಟ ಸರಳ. ಶ್ರೀಕರ ಸೂತ್ರಧಾರ. ಅವನು ಇಲ್ಲದ ಒಂದು ಊರು, ಇಲ್ಲದ ಒಂದು ಕೋಟೆಯನ್ನು ಬಾಯಿಂದಲೇ ಕಟ್ಟುತ್ತಾನೆ. ಉಳಿದವರು ತಲಾ ಒಂದು ಪಾತ್ರವಾಗಿ, 'ನಾನು ಹೀಗೆ ಮಾಡುತ್ತೇನೆ' ಎನ್ನಬೇಕು. ಮಾಡಿದ್ದು ಕೈಗೂಡಿತೋ ಕೈಕೊಟ್ಟಿತೋ ಎಂದು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಮೇಧಾ ಸೈನಿಕಳು. ದೀಪಿಕ ಕಳ್ಳಿ. ಸುಮ್ಮನೆ ಕೂತ ರವಿಚಂದ್ರ ಅರ್ಧ ಗಂಟೆಯಲ್ಲಿ ಎಲ್ಲರ ಪಾತ್ರಕ್ಕೂ ಸಲಹೆ ಕೊಡಲು ಶುರುಮಾಡಿದ್ದರಿಂದ ಶ್ರೀಕರ ಅವನಿಗೂ ಒಂದು ಪಾತ್ರ ಕೊಟ್ಟ.

"ಅಂಕಲ್, ಇನ್ನೊಬ್ಬ ಕಳ್ಳ ಬೇಕು. ನೀವೇ ಆಗಿ. ಹೆಸರು ಏನಿಡೋಣ?"

"ಮೌನಪ್ಪ" ಎಂದಳು ದೀಪಿಕ. ಮೇಧಾ ಕೋಡುಬಳೆ ನೆತ್ತಿಗೇರಿಸಿಕೊಂಡಳು.

ಮೌನಪ್ಪನ ಮೊದಲ ಕಳ್ಳತನ ಖಜಾನೆಯಲ್ಲಿ. ಶ್ರೀಕರ ದನಿ ತಗ್ಗಿಸಿ, "ಕಾವಲುಗಾರ ತೂಕಡಿಸ್ತಿದಾನೆ. ಏನ್ ಮಾಡ್ತೀರಿ?" ಎಂದ.

"ನಾನು ಸದ್ದಿಲ್ದಂಗೆ ಒಳೀಕ್ಕೆ ಓಯ್ತೀನಿ!" ಎಂದ ರವಿಚಂದ್ರ.

ಅಡುಗೆಮನೆಯಲ್ಲಿ ಶ್ರೀಮತಿಯವರ ಕೈಯಿಂದ ಪಾತ್ರೆ ಬಿತ್ತು. ಎದುರು ಮನೆಯ ನಾಯಿ ಬೊಗಳಿತು. ಶ್ರೀಕರ ದಾಳದ ಕಡೆ ನೋಡುವ ಗೋಜಿಗೂ ಹೋಗದೆ, "ಕಾವಲುಗಾರ ಎದ್ದ" ಎಂದ.

ಮೌನಪ್ಪ ಪ್ರತಿ ಭಾನುವಾರ ಹೀಗೆ ಸಿಕ್ಕಿಬೀಳತೊಡಗಿದ. ಅವನ ಜೊತೆಗೆ ಮಗಳೂ ಸಿಕ್ಕಿಬೀಳುತ್ತಿದ್ದಳು. ಆಟದಲ್ಲಿ ಒಂದು ನಿಯಮವಿತ್ತು: ಕಳ್ಳರಿಗೆ ಅವರದೇ ಗುಟ್ಟಿನ ಮಾತಿರುತ್ತದೆ. ನಾಲ್ಕು ಜನರ ನಡುವೆ ಬಹಿರಂಗವಾಗಿ ಮಾತಾಡುತ್ತಲೇ ಒಬ್ಬ ಕಳ್ಳ ಇನ್ನೊಬ್ಬನಿಗೆ ಬೇಕಾದ್ದನ್ನು ತಿಳಿಸಬಹುದು. "ನಿಮ್ಮ ಭಾಷೆ ನೀವೇ ಮಾಡ್ಕೊಳ್ಳಿ. ನನಗೂ ಗೊತ್ತಾಗಬಾರದು" ಎಂದಿದ್ದ ಶ್ರೀಕರ.

ರವಿಚಂದ್ರನಿಗೆ ಈ ನಿಯಮ ಕೇಳಿ ರೋಮಾಂಚನವಾಯಿತು. ಗುಟ್ಟು! ಅದೂ ತನಗೂ ಮಗಳಿಗೂ ಮಾತ್ರ! ಮೊದಲು ಚಿಕ್ಕಂದಿನ ಕ ಭಾಷೆ ಹಿಡಿದ. ಅಕ್ಷರಕ್ಕೊಂದು ಕ ಸೇರಿಸಿ ಅವನು ಕೋಟೆ ಲೂಟಿಯ ಉಪಾಯ ಹೇಳುತ್ತಿದ್ದರೆ ಒಳಗಿನಿಂದ ಶ್ರೀಮತಿಯವರು ಅದೇ ಕ ಭಾಷೆಯಲ್ಲಿ, ಇನ್ನೂ ಬೇಗ, ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳಿದರು. ಆಮೇಲೆ ಕುರಿ ಸಂತೆಯ ಟವೆಲ್ ಭಾಷೆ. ಬಂಡೂರು ಕಡೆಯ ಅವನ ಮಾವ ಕುರಿ ವ್ಯಾಪಾರ ಮಾಡಿದವರು. ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಆಡುವುದನ್ನು ಅವನು ಕಂಡಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಮಗಳ ಕೈಮೇಲೆ ಹಾಕಿ, ಗಂಭೀರವಾಗಿ ಅವಳ ಬೆರಳುಗಳನ್ನು ಒತ್ತಿದ. ಒತ್ತುವಾಗ ಬಾಯಿ ತಾನಾಗಿ, "ಮೂರು... ನಾಕು... ನಾಕೂವರೆ" ಎಂದು ಎಣಿಸಿಬಿಟ್ಟಿತು.

"ಅಪ್ಪಾ, ಟವೆಲ್ನ ಬಾಯ್ಮೇಲ್ ಹಾಕ್ಕೊ" ಎಂದಳು ದೀಪಿಕ.

ದಾರಿ ತೋರಿಸಿದವಳು ಮೇಧಾ, ಅದೂ ತಿಳಿಯದೆ. "ಅಂಕಲ್, ಬೇಜಾರ್ ಮಾಡ್ಕೋಬೇಡಿ. ನಾನು ಮದ್ದೂರಿನಲ್ಲಿ ಎಷ್ಟು ಸಲ ಬಸ್ ಬದಲಾಯಿಸಿದೀನಿ. ನೀವು ಅನೌನ್ಸ್ ಮಾಡೋದು ಕೇಳ್ಸತ್ತೆ, ಆದ್ರೆ ಏನ್ ಹೇಳಿದ್ರಿ ಅಂತ ಒಂದು ದಿನಾನೂ ತಲೇಲಿ ಉಳಿದಿಲ್ಲ."

ದೀಪಿಕ ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ನೋವು ಮೂಡಿ, ನೋವಿನ ಹಿಂದೆಯೇ ಒಂದು ಕಳ್ಳನಗೆ ಮೂಡಿತು. ಯಾರೂ ಕೇಳಿಸಿಕೊಳ್ಳದ ಮಾತಿಗಿಂತ ಒಳ್ಳೆಯ ಗುಟ್ಟಿನ ಭಾಷೆ ಯಾವುದು?

ಮುಂದಿನ ಭಾನುವಾರ ಮಂಡ್ಯದ ಬಸ್ಸಿನಲ್ಲಿ ಅಪ್ಪ ಮಗಳು ಕೂತು ಭಾಷೆ ಕಟ್ಟಿದರು. ಊರಿನ ಹೆಸರು ಗಿಣಿಬೆಟ್ಟ. ಆ ಹೆಸರಿನ ಊರಿಗೆ ಮದ್ದೂರಿನಿಂದ ಬಸ್ಸಿಲ್ಲ. ಅವರಿಬ್ಬರಿಗೆ ತಿಳಿದಂತೆ ಅಂಥ ಊರೂ ಇಲ್ಲ. ಗಿಣಿಬೆಟ್ಟ ಎಂದರೆ, 'ಇದು ಕಳ್ಳರ ಮಾತು, ಗಮನವಿಡು.' ತಡವಾಗಿ ಬರಲಿದೆ ಎಂದರೆ, 'ಇದ್ದಲ್ಲೇ ಇರು, ಬಾಯಿ ಬಿಡಬೇಡ.' ಹಿಂದಿನ ಗೇಟಿನಿಂದ ಹೊರಡಲಿದೆ ಎಂದರೆ, 'ಹಿತ್ತಲ ಬಾಗಿಲಿಂದ ಓಡು.' ಸಾಮಾನುಗಳ ಬಗ್ಗೆ ಎಚ್ಚರವಹಿಸಿ ಎಂದರೆ, 'ಹಿಡಿಯುವವರು ಕಾಯುತ್ತಿದ್ದಾರೆ.' ಇಷ್ಟು ವರ್ಷ ಕಳ್ಳರಿದ್ದಾರೆ ಎಂದು ಜನರಿಗೆ ಹೇಳಿದ ವಾಕ್ಯವನ್ನೇ ಪೊಲೀಸರಿದ್ದಾರೆ ಎಂದು ಕಳ್ಳರಿಗೆ ಹೇಳಲು ಬಳಸುವುದು ರವಿಚಂದ್ರನಿಗೆ ಬಲು ಖುಷಿ ಕೊಟ್ಟಿತು.

ಆ ದಿನ ಕೋಟೆಯೊಳಗೆ ನ್ಯಾಯಾಧೀಶನ ಎದುರಿಗೇ ಮೌನಪ್ಪ ತನ್ನ ಸಹಜ ಕಂಠದಲ್ಲಿ ಗಿಣಿಬೆಟ್ಟದ ವಾಹನ ಸಾರಿದ. ಅಂಕಲ್ಲಿಗೆ ಕೆಲಸದ ಚಾಳಿ ಬಿಟ್ಟಿಲ್ಲ ಎಂದು ಶ್ರೀಕರ ನಕ್ಕ. ಅವನು ನಕ್ಕು ಮುಗಿಸುವಷ್ಟರಲ್ಲಿ ದೀಪಿಕ ಹಿತ್ತಲ ಬಾಗಿಲಿಂದ ಕಿರೀಟ ಹೊಡೆದುಕೊಂಡು ಹೋಗಿದ್ದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅಪ್ಪನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ರವಿಚಂದ್ರ ಮದ್ದೂರಿನವರೆಗೆ ಕೆಮ್ಮಲಿಲ್ಲ.

ಅವನಿಗೆ ಗೊತ್ತಿಲ್ಲದ ಸಂಗತಿಯೆಂದರೆ ನಿಜವಾದ ಸಂಚು ಅವನ ಮನೆಯ ಪಡಸಾಲೆಯಲ್ಲೇ ನಡೆಯುತ್ತಿತ್ತು, ಅದೂ ಪ್ರತಿ ಭಾನುವಾರ.

ಹೊಂಗೆಕೊಪ್ಪಲಿನ ಹಾಲಿನ ಡೇರಿಗೆ ಕೆಂಪಯ್ಯನವರು ಅಧ್ಯಕ್ಷರು. ಯಾವಾಗಿನಿಂದ ಎಂದು ಕೇಳಿದರೆ ಊರಿನವರು ಆಕಾಶ ನೋಡುತ್ತಾರೆ. ಚುನಾವಣೆ ಹತ್ತಿರ ಬಂದಾಗ ಅವರ ಜಗುಲಿಯಲ್ಲಿ ಕಾಫಿ ಆಗುತ್ತದೆ, "ಎಲ್ಲಾರ್ನೂ ಕೇಳಿ ಮಾಡಣ" ಎಂದು ಅವರು ಹೇಳುತ್ತಾರೆ, ಹಾಗೆಂದರೆ ಯಾರನ್ನೂ ಕೇಳುವುದಿಲ್ಲವೆಂದು ಎಲ್ಲರಿಗೂ ತಿಳಿಯುತ್ತದೆ, ನಿರ್ದೇಶಕರೆಲ್ಲ ಅವಿರೋಧವಾಗಿ ಆಯ್ಕೆಯಾಗುತ್ತಾರೆ. ಕೆಂಪಯ್ಯನವರ ಮನೆಯ ಹಸು ಬರೀ ಕೆರೆ ನೀರು ಕುಡಿದರೂ ಡೇರಿಯ ಪರೀಕ್ಷೆಯಲ್ಲಿ ಅದರ ಹಾಲು ಗಟ್ಟಿಯೆಂದು ಡಿಗ್ರಿ ಬರುತ್ತದೆ. ನಾಗಮಣಿಯ ಹಸು ಹಿಂಡಿ, ಬೂಸ, ಜೋಳದ ಕಡ್ಡಿ ತಿಂದು ಕೊಟ್ಟ ಹಾಲಿಗೆ ಡಿಗ್ರಿ ಬರುವುದಿಲ್ಲ. ಈ ಪವಾಡವನ್ನು ಬಹಳ ದಿನ ಸಹಿಸಿ, ನಾಗಮಣಿ ಈ ಸಲ ತಾನೇ ನಿಲ್ಲುವುದೆಂದು ನಿಶ್ಚಯಿಸಿದ್ದಳು. ನಾಮಪತ್ರ ಹಾಕುವ ಕಡೇ ದಿನದ ಕಡೇ ಗಳಿಗೆಯವರೆಗೆ ಕೆಂಪಯ್ಯನವರಿಗೆ ಸುಳಿವು ಸಿಗಬಾರದು. ಸಿಕ್ಕರೆ ಜಗುಲಿಗೆ ಕರೆಸಿ ಕಾಫಿ ಕುಡಿಸುತ್ತಾರೆ. ಆ ಕಾಫಿ ಕುಡಿದವರು ಯಾರೂ ಆಮೇಲೆ ನಿಂತದ್ದಿಲ್ಲ. ಹೆಂಗಸರನ್ನು ಮನೆಗೆ ಕರೆಸಿ ಮಾತಾಡಬೇಕಾದರೆ ಮೊದಲು ಗಂಡನನ್ನು ಸಾಗಹಾಕಬೇಕು. ದಾಳದ ಕತೆ ಹುಟ್ಟಿದ್ದು ಹಾಗೆ. ತಾಯಿಗೆ ಅದನ್ನು ಹೇಳಿಕೊಟ್ಟವಳು ಮಗಳೇ.

ನಾಮಪತ್ರಕ್ಕೆ ಸೂಚಕರೊಬ್ಬರು, ಅನುಮೋದಕರೊಬ್ಬರು ಬೇಕು. ಸೂಚಕಿಯಾಗಿ ಪಕ್ಕದ ಮನೆಯ ಅಂಕಮ್ಮ ಒಪ್ಪಿದ್ದಳು. ಅನುಮೋದನೆಗೆ ಧೈರ್ಯ ಮಾಡಿದವಳು ಬೆಟ್ಟಮ್ಮ ಎಂಬ ಮುದುಕಿ ಒಬ್ಬಳೇ. ಅವಳೋ ಮಗಳ ಬಾಣಂತನಕ್ಕೆಂದು ಮಳವಳ್ಳಿ ಕಡೆಯ ಬಂಡೂರಿಗೆ ಹೋಗಿ ಕೂತಿದ್ದಳು. ಕಡೇ ದಿನ ದೀಪಿಕ ಸ್ಕೂಲಿಗೆ ರಜ ಹಾಕಿ ಅವಳನ್ನು ಕರೆತರಲು ಹೊರಟಳು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಅಪ್ಪನ ಕಣ್ಣಿಗೆ ಬೀಳುವುದು ಖಂಡಿತ. ಅದಕ್ಕೇ ನಾಗಮಣಿ ಬೆಳಿಗ್ಗೆ ಗಂಡನಿಗೆ, "ಬೆಟ್ಟಮ್ಮ ಒಬ್ಳೇ ಬರಕ್ಕಾಗಕಿಲ್ವಂತೆ, ದೀಪು ಓಗಿ ಕರ್ಕೊಂಡ್ ಬತ್ತಾಳೆ" ಎಂದಷ್ಟೇ ಹೇಳಿದಳು.

ಇದರಲ್ಲಿ ಗುಟ್ಟಿದೆಯೆಂದು ಅವನಿಗೆ ಯಾರು ಹೇಳಿದ್ದರು? ಹತ್ತು ಗಂಟೆಯ ಟೀ ಕುಡಿಯುತ್ತ, "ನಮ್ ದೀಪು ಬೆಟ್ಟಮ್ಮಜ್ಜಿನ ಕರ್ಕೊಂಡ್ ಬತ್ತಾವ್ಳೆ ಕಣ್ಲಾ ಚೌಡ, ಬಂಡೂರಿಂದ" ಎಂದ. ಸುಮ್ಮನೆ, ಮಾತಿಗೆ. ಅಂಗಡಿಯ ಒಳಬೆಂಚಿನಲ್ಲಿ ವಡೆ ಮುರಿಯುತ್ತಿದ್ದ ಅಂಬರೀಶ್ ಎಂಬುವನು ವಡೆ ಕೆಳಗಿಟ್ಟು ಫೋನು ತೆಗೆದ. ಅವನು ಕೆಂಪಯ್ಯನವರ ಅಳಿಯ.

ಮಧ್ಯಾಹ್ನದ ಹೊತ್ತಿಗೆ ಅಂಬರೀಶ್ ಮೈಕಿನ ಕೋಣೆಗೇ ಬಂದು ಕುರ್ಚಿ ಎಳೆದುಕೊಂಡು ಕೂತ. ಹೊರಗೆ ಅಂಕಣ ಎರಡರ ಹತ್ತಿರ ಅವನ ಕಡೆಯ ಇಬ್ಬರು ನಿಂತಿದ್ದರು. ಮುಂದಿನ ಗೇಟಿನಲ್ಲಿ ಬಿಳಿ ಕಾರು.

"ರವಿಯಣ್ಣ, ಮಳವಳ್ಳಿ ಬಸ್ಸು ಎಷ್ಟೊತ್ಗೆ?"

"ಇನ್ನೇನ್ ಬತ್ತದೆ. ಯಾಕ್ಲಾ?"

"ಬೆಟ್ಟಮ್ಮಜ್ಜಿ ಬತ್ತವ್ಳಲ್ಲ. ವಯಸ್ಸಾದೋಳು, ಬಸ್ಸಲ್ ಯಾಕೆ, ಕಾರಲ್ ಕರ್ಕೊಂಡೋಗವಾ ಅಂತ. ದಾರೀಲಿ ನಮ್ಮನೇಲ್ ಊಟ ಗೀಟ ಮಾಡ್ಸಿ, ಮೂರ್ ಗಂಟೆ ಮೇಲೆ ಊರಿಗ್ ಬುಡದು."

"ಮೂರ್ ಗಂಟೆ ಯಾಕೆ?"

ಅಂಬರೀಶ್ ಅವನ ಮುಖವನ್ನೇ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ಅಯ್ಯೋ, ನಿಂಗೊತ್ತಿಲ್ವಾ? ಮೂರ್ ಗಂಟೆಗೆ ನಾಮಪತ್ರ ಮುಗೀತದೆ ಕಣಣ್ಣ. ನಿಮ್ಮನೇವ್ರು ಡೇರಿಗ್ ನಿಂತವ್ರೆ! ಬಾನ್ವಾರ ಬಾನ್ವಾರ ನಿಮ್ಮನೇಲೇ ಮೀಟಿಂಗಂತೆ. ನಮ್ಗೂ ಇವತ್ತೇ ತಿಳೀತು, ನೀನು ಅಜ್ಜಿ ಸುದ್ದಿ ಅಂದ್ಮೇಲೆ. ಕಡೇ ದಿನ ಅಜ್ಜಿ ಯಾಕ್ ಬತ್ತಾಳೆ ಅಂತ ಊರಲ್ ಇಚಾರ್ಸುದ್ರೆ ಎಲ್ಲಾ ಈಚೆಗ್ ಬಂತು. ನಮ್ಮಾವ ಏನಂದ್ರು ಗೊತ್ತಾ? ರವಿಚಂದ್ರನ್ಗೆ ಒಂದ್ ಶಾಲು ಒದ್ಸಿ ಸನ್ಮಾನ ಮಾಡ್ಬೇಕು ಅಂತ."

ಹೊಸ ಶರ್ಟು, ಕೋಡುಬಳೆ, 'ಅವಸರ ಮಾಡಬೇಡಿ' ಎಲ್ಲ ರವಿಚಂದ್ರನ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ತಾನು ಕಳ್ಳತನ ಕಲಿಯಲು ಹೋಗಿರಲಿಲ್ಲ. ಕಳ್ಳಿಯರು ಮನೆಯಲ್ಲಿ ಕೆಲಸ ಮಾಡಲೆಂದು ತನ್ನನ್ನು ಹೊರಗೆ ಕಟ್ಟಿಹಾಕಿದ್ದರು. ಸಿಟ್ಟು ಬಂತು. ಬಂದ ಸಿಟ್ಟು ಅರ್ಧದಾರಿಯಲ್ಲೇ ನಿಂತಿತು, ಏಕೆಂದರೆ ಅವರು ಹೆದರಿದ್ದ ಕೆಲಸವನ್ನು ಅವನು ಬೆಳಿಗ್ಗೆ ಹತ್ತು ಗಂಟೆಗೇ ಮಾಡಿ ಮುಗಿಸಿದ್ದ, ಟೀ ಆರುವ ಮೊದಲೇ.

ಮಗಳಿಗೆ ಫೋನು ಮಾಡೋಣವೆಂದರೆ ಅಂಬರೀಶ್ ಮೊಣಕೈ ದೂರದಲ್ಲಿದ್ದಾನೆ. ರವಿಚಂದ್ರ ಫೋನಿನಲ್ಲಿ ಪಿಸುಗುಟ್ಟಿದರೆ ಮುಂದಿನ ಗೇಟಿನ ಕಾರಿಗೂ ಕೇಳಿಸುತ್ತದೆ. ಮೆಸೇಜು ಟೈಪು ಮಾಡಲು ಅವನಿಗೆ ಬಾರದು. ಅವನು ಕಳಿಸುವುದೆಲ್ಲ ವಾಯ್ಸ್ ಮೆಸೇಜು. ಅಷ್ಟರಲ್ಲಿ ಮಳವಳ್ಳಿ ಬಸ್ಸು ಗೇಟಿನೊಳಗೆ ತಿರುಗಿತು. ಮುಂದಿನ ಸೀಟಿನ ಕಿಟಕಿಯಲ್ಲಿ ಬೆಟ್ಟಮ್ಮನ ಬಿಳಿ ತಲೆ, ಅದರ ಹಿಂದೆ ದೀಪಿಕ.

ಅವನ ಕೈ ಮೈಕಿನ ಗುಂಡಿಯ ಮೇಲಿತ್ತು. ಇಷ್ಟು ವರ್ಷದಲ್ಲಿ ಅವನು ಒಂದು ಸುಳ್ಳು ಬಸ್ಸು ಸಾರಿದವನಲ್ಲ. ಯಾರೂ ಕೇಳದಿದ್ದರೂ ತಾನು ಹೇಳಿದ್ದು ನಿಜ ಎಂಬುದೊಂದೇ ಆ ಕೋಣೆಯಲ್ಲಿ ಅವನಿಗಿದ್ದ ಮರ್ಯಾದೆ. ಗುಂಡಿ ಒತ್ತಿದ.

"ಪ್ರಯಾಣಿಕರ ಗಮನಕ್ಕೆ. ಗಿಣಿಬೆಟ್ಟಕ್ಕೆ ಹೋಗುವ ವಾಹನವು ಹಿಂದಿನ ಗೇಟಿನಿಂದ ಈಗಲೇ ಹೊರಡಲಿದೆ. ಪ್ರಯಾಣಿಕರು ತಮ್ಮ ಸಾಮಾನುಗಳ ಬಗ್ಗೆ ಎಚ್ಚರವಹಿಸಬೇಕು."

ಅಂಬರೀಶ್ ಆಕಳಿಸಿದ. ಎಲ್ಲರಂತೆ ಅವನೂ ಕೇಳಿಸಿಕೊಳ್ಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ದೀಪಿಕಳ ತಲೆ ಚಕ್ಕನೆ ಎದ್ದಿತು.

ಇಲ್ಲಿಯವರೆಗೆ ಎಲ್ಲವೂ ಮಂಡ್ಯದ ಮೇಜಿನ ಮೇಲೆ ನಡೆದ ಹಾಗೇ ನಡೆಯಿತು. ಆದರೆ ಮೇಜಿನ ಮೇಲೆ ಪ್ರಯಾಣಿಕರಿರಲಿಲ್ಲ. ಸಾರುವವನ ದನಿಯಲ್ಲಿ ಅವತ್ತು ಏನಿತ್ತೋ, 'ಈಗಲೇ' ಎಂಬ ಮಾತಿನ ಬಿಸಿಯೋ, ಇಡೀ ಬಸ್ ಸ್ಟ್ಯಾಂಡು ಮೊದಲ ಸಲ ಕಿವಿಗೊಟ್ಟಿತು. ಬೆಂಚಿನ ಮೇಲಿದ್ದವರು ಎದ್ದರು. ಎದ್ದವರನ್ನು ನೋಡಿ ನಿಂತವರು ಓಡಿದರು. ಯಾವ ಊರಿನ ಬಸ್ಸು ಎಂದು ಆಮೇಲೆ ಕೇಳಿದರಾಯಿತು, ಮೊದಲು ಸೀಟಿಗೆ ಟವೆಲ್ ಹಾಕಬೇಕು ಎಂಬುದು ನಮ್ಮ ಕಡೆಯ ಪ್ರಯಾಣದ ನೀತಿ. ಕೈಯಲ್ಲಿ ಟವೆಲ್, ಕರ್ಚೀಪು, ಛತ್ರಿ, ಕುಕ್ಕೆ ಹಿಡಿದ ಜನಸಾಗರ ಹಿಂದಿನ ಗೇಟಿನ ಕಡೆ ನುಗ್ಗಿತು. ಅಂಕಣ ಎರಡರಲ್ಲಿ ಕಾಯುತ್ತಿದ್ದ ಇಬ್ಬರು ಆ ಪ್ರವಾಹದಲ್ಲಿ ಒಂದು ಸುತ್ತು ತಿರುಗಿ ಶೌಚಾಲಯದ ಗೋಡೆಗೆ ಅಂಟಿಕೊಂಡರು. ಬೆಟ್ಟಮ್ಮ ಬಸ್ಸಿನಿಂದ ಇಳಿದದ್ದಷ್ಟೇ ಅವಳಿಗೆ ನೆನಪು. ನಡೆಯುವ ತೊಂದರೆಯನ್ನು ಜನರೇ ತೆಗೆದುಕೊಂಡರು. ಹಿಂದಿನ ಗೇಟಿನಲ್ಲಿ ದೀಪಿಕ ಅವಳನ್ನು ಆಟೋಕ್ಕೆ ಹತ್ತಿಸುವಾಗ ಮುದುಕಿ, "ಗಿಣಿಬೆಟ್ಟದ ಬಸ್ಸು ಬುಡಬ್ಯಾಡ ಕಣವ್ವ, ಎಲ್ಲಾ ಅದ್ಕೇ ಓಯ್ತಾವ್ರೆ" ಎಂದು ಹಟ ಮಾಡಿದಳಂತೆ.

ಅಂಬರೀಶ್ ಕೋಣೆಯಿಂದ ಹೊರಗೆ ಹಾರಿದ. ಬಾಗಿಲಿನಲ್ಲೇ ಒಬ್ಬ ಹೆಂಗಸು ಅವನ ಕೊರಳಪಟ್ಟಿ ಹಿಡಿದು, "ಲೇ, ಸಾಲಲ್ ಬಾರ್ಲಾ!" ಎಂದಳು.

ಮೂರು ಗಂಟೆಗೆ ಮುಂಚೆ ಬೆಟ್ಟಮ್ಮನ ಹೆಬ್ಬೆಟ್ಟು ಬಿತ್ತು. ಅದೇ ಹೊತ್ತಿಗೆ ಮದ್ದೂರಿನಲ್ಲಿ ಇಲ್ಲದ ಬಸ್ಸು ತಪ್ಪಿಸಿಕೊಂಡವರೆಲ್ಲ ಮೈಕಿನ ಕೋಣೆಯ ಮುಂದೆ ಸೇರಿದ್ದರು. ಗಿಣಿಬೆಟ್ಟಕ್ಕೆ ಹೋಗಬೇಕಾದವನು ಒಬ್ಬನೂ ಅಲ್ಲಿರಲಿಲ್ಲ, ಆದರೂ ಬಸ್ಸು ಬೇಕೇ ಬೇಕೆಂದು ಗಲಾಟೆ. ಪಂಚೆಯ ಮುದುಕನೊಬ್ಬ ಬೆಂಚು ಹತ್ತಿ, "ನಮ್ಮಪ್ಪನ ಕಾಲ್ದಲ್ಲಿ ಇತ್ತು ಕಣ್ರಯ್ಯ ಗಿಣಿಬೆಟ್ಟದ ಬಸ್ಸು! ಈ ಕಳ್ರು ನಿಲ್ಸವ್ರೆ!" ಎಂದು ಭಾಷಣ ಮಾಡಿದ. ಎಲ್ಲರಿಗೂ ಆ ಬಸ್ಸು ನೆನಪಾಯಿತು. ಕೆಂಪು ಬಣ್ಣದ್ದು ಎಂದರು ಕೆಲವರು.

ಮರುದಿನ ಮೇಲಿನ ಸಾಹೇಬರು ಬಂದರು.

"ಏನ್ರೀ ಇದು? ಗಿಣಿಬೆಟ್ಟ ಎಲ್ಲಿದೆ?"

"ಗೊತ್ತಿಲ್ಲ ಸಾ."

"ಮತ್ತೆ ಯಾಕ್ರೀ ಹೇಳಿದ್ರಿ?"

ಇಡೀ ಕತೆ ರವಿಚಂದ್ರನ ಗಂಟಲಿಗೆ ಬಂದು ಕೂತಿತು. ಎಂಥ ಕತೆ! ದಾಳ, ಕೋಟೆ, ಡೇರಿ, ಅಳಿಯ, ಅಜ್ಜಿ. ಹೇಳಿದರೆ ಸಾಹೇಬರು ಕುರ್ಚಿಯ ತುದಿಗೆ ಬರುತ್ತಿದ್ದರು. ಬಹುಶಃ ನಕ್ಕು ಕ್ಷಮಿಸುತ್ತಿದ್ದರು ಕೂಡ. ಬಾಗಿಲಲ್ಲಿ ಚೌಡಯ್ಯ ಟೀ ಲೋಟ ಹಿಡಿದು ನಿಂತಿದ್ದ, ಕಿವಿಯೆಲ್ಲ ಇತ್ತಲೇ. ಅವನ ಹಿಂದೆ ಮಳವಳ್ಳಿ ಡ್ರೈವರು. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಕೆಂಪಯ್ಯನವರ ಜಗುಲಿ ತಲುಪುತ್ತದೆ. ಅನುಮೋದಕಿಯನ್ನು ಹೀಗೆ ಸಾಗಿಸಿದರಂತೆ ಎಂದು ತಕರಾರು ಎದ್ದರೆ ನಾಮಪತ್ರದ ಗತಿಯೇನು?

"ಬಾಯ್ ತಪ್ತು ಸಾ" ಎಂದ ರವಿಚಂದ್ರ. ಅಷ್ಟೇ ಹೇಳಿದ.

ಅವನನ್ನು ಮೈಕಿನಿಂದ ಎಬ್ಬಿಸಿ ಪಾಸು ಕೊಡುವ ಕೌಂಟರಿಗೆ ಹಾಕಿದರು. ಮೈಕಿನಲ್ಲಿ ಈಗ ರೆಕಾರ್ಡು ಮಾಡಿದ ಹೆಣ್ಣುದನಿಯೊಂದು ನಯವಾಗಿ ಬಸ್ಸುಗಳನ್ನು ಸಾರುತ್ತದೆ. ಅದನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂಬುದು ರವಿಚಂದ್ರನಿಗೆ ಸ್ವಲ್ಪ ಸಮಾಧಾನ.

ಸಾಹೇಬರು ಬಂದುಹೋದ ಸಂಜೆ ಮನೆಯಲ್ಲಿ ಅವನು ಹೆಂಡತಿಯನ್ನು ಕೇಳಿಯೇಬಿಟ್ಟ. "ನನ್ನ ಬಾನ್ವಾರ ಬಾನ್ವಾರ ಅಟ್ಟುದ್ದು ಇದ್ಕೇನಾ?"

"ಊಂ" ಎಂದಳು ನಾಗಮಣಿ, ತಲೆ ಎತ್ತದೆ.

"ಒಂದ್ ಮಾತು ನಂಗ್ ಯೋಳಿದ್ರೆ ಏನಾಯ್ತಿತ್ತು?"

"ಮೈಕಲ್ ಕೇಳುಸ್ತಿತ್ತು."

"ಕೇಳುಸ್ತಲ್ಲ ಮೈಕಲ್ಲೇ? ಅದ್ರಿಂದ್ಲೇ ಆಯ್ತಲ್ಲ ನಿನ್ ಕೆಲ್ಸ?"

ನಾಗಮಣಿ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು, ಕೇಳದೆ.

ಚುನಾವಣೆ ನಡೆಯಿತು. ಒಬ್ಬಳು ನಿಂತದ್ದರಿಂದ ಎಲ್ಲರೂ ಓಟು ಹಾಕಬೇಕಾಗಿ ಬಂತು. ಹಾಕುವಾಗ ಜನರಿಗೆ ತಮ್ಮ ತಮ್ಮ ಹಸುವಿನ ಡಿಗ್ರಿ ನೆನಪಾಯಿತು. ನಾಗಮಣಿ ಗೆದ್ದಳು. ಉಳಿದ ಸ್ಥಾನಗಳೆಲ್ಲ ಕೆಂಪಯ್ಯನವರ ಕಡೆಗೇ ಹೋದವು, ಅಧ್ಯಕ್ಷರೂ ಅವರೇ ಆದರು. ಒಂದು ಗೆಲುವಿನಿಂದ ಊರು ಉದ್ಧಾರವಾಗುವುದು ಭಾಷಣದಲ್ಲಿ ಮಾತ್ರ. ಹಾಲಿನ ಪರೀಕ್ಷೆಯನ್ನು ಎಲ್ಲರೆದುರಿಗೆ ಮಾಡಬೇಕೆಂದು ಅವಳು ಹಟ ಹಿಡಿದದ್ದರಿಂದ ಕೆಂಪಯ್ಯನವರ ಹಸು ಮಾತ್ರ ಇದ್ದಕ್ಕಿದ್ದಂತೆ ಸೊರಗಿತು.

ನಿರ್ದೇಶಕರ ಮೊದಲ ಸಭೆ ಮುಗಿಸಿ ಬಂದ ದಿನ ನಾಗಮಣಿ ಸೀರೆ ಬದಲಾಯಿಸಲಿಲ್ಲ, ನೀರು ಕುಡಿಯಲಿಲ್ಲ. ಪಡಸಾಲೆಯಲ್ಲಿ ಅಂಕಮ್ಮ ಸುದ್ದಿ ಕೇಳಲೆಂದೇ ಕೂತಿದ್ದಳು, ಅಡುಗೆಮನೆಯಲ್ಲಿ ದೀಪಿಕ ಇದ್ದಳು. ನಾಗಮಣಿ ಇಬ್ಬರನ್ನೂ ದಾಟಿಕೊಂಡು ಹೋಗಿ ಗಂಡನ ತೋಳು ಹಿಡಿದು ಕೊಟ್ಟಿಗೆಗೆ ಎಳೆದೊಯ್ದಳು. ಬಾಗಿಲು ಮುಂದೆ ಮಾಡಿದಳು.

"ನಿಮ್ಗೆ ಒಂದ್ ಯೋಳ್ತೀನಿ. ಯಾರ್ಗೂ ಅನ್ಬೇಡಿ. ದೀಪೂಗೂ ಯೋಳಿಲ್ಲ" ಎಂದಳು.

ರವಿಚಂದ್ರ ಹಸುವಿನ ಗೂಟ ಹಿಡಿದುಕೊಂಡ. ಅವಳು ಹೇಳಿದಳು. ಬಹಳ ಹೊತ್ತು ಹೇಳಿದಳು. ಅವನು ಕೇಳಿ, ತಲೆಯಾಡಿಸಿ, ಹಸುವಿಗೆ ಒಂದು ಹಿಡಿ ಹುಲ್ಲು ಹಾಕಿ ಹೊರಗೆ ಬಂದ. ಅಂಕಮ್ಮ ಅವನ ಮುಖ ನೋಡಿದಳು, ದೀಪಿಕ ನೋಡಿದಳು. "ಈ ಸಲ ಬಿಸ್ಲು ಜಾಸ್ತಿ" ಎಂದ ರವಿಚಂದ್ರ.

ಮರುದಿನ ಹತ್ತು ಗಂಟೆಗೆ ಚೌಡಯ್ಯ ಟೀ ಕೊಡುವ ಮುಂಚೆಯೇ ಬೆಂಚು ಒರೆಸಿ, ಪಕ್ಕದಲ್ಲಿ ಕೂತ. "ರವಿಯಣ್ಣ, ಡೇರಿ ಮೀಟಿಂಗಲ್ಲಿ ಏನೋ ಆಯ್ತಂತಲ್ಲ. ಅತ್ತಿಗೆ ಏನಂದ್ರು? ಯಾರ್ಗೂ ಯೋಳಕಿಲ್ಲ, ಯೋಳಣ್ಣ." ಮಳವಳ್ಳಿ ಬಸ್ಸಿನ ಡ್ರೈವರು ಇಂಜಿನ್ನು ಆರಿಸಿದ. ಪೂರಿ ಲಟ್ಟಿಸುತ್ತಿದ್ದವನ ಕೈ ನಿಂತಿತು.

ರವಿಚಂದ್ರ ಟೀ ಊದಿ ಒಂದು ಗುಟುಕು ಕುಡಿದ. ಚೌಡಯ್ಯನ ಕಿವಿಯ ಹತ್ತಿರ ಬಾಗಿದ. ಗಂಟಲು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿಗೆಲ್ಲ ಕೇಳಿಸುವಂತೆ ಹೇಳಿದ:

"ಗಿಣಿಬೆಟ್ಟದ ಬಸ್ಸು ತಡವಾಗಿ ಬತ್ತದೆ ಕಣ್ಲಾ."

"ಅಂಗಂದ್ರೆ?" ಎಂದ ಚೌಡಯ್ಯ.

ರವಿಚಂದ್ರ ಲೋಟ ಕೆಳಗಿಟ್ಟು ಕೌಂಟರಿನ ಕಡೆ ನಡೆದ. ಅವನ ಹಿಂದೆ ಬೆಂಚಿನಿಂದ ಒಬ್ಬಳು ಎದ್ದು, ಕುಕ್ಕೆ ಕಂಕುಳಿಗೆ ಸಿಕ್ಕಿಸಿಕೊಂಡು, ಯಾವ ಅಂಕಣ ಎಂದು ಪಕ್ಕದವರನ್ನು ವಿಚಾರಿಸುತ್ತಿದ್ದಳು.